ಕಾಯಿ ಬಿಟ್ಟ ಬಳ್ಳಿ

ಅತ್ತೆ ಬಿದ್ದಿದ್ದು ಸೋರೆ ಚಪ್ಪರದ ಕೆಳಗೆ. ಫೋನ್ ಮುಗಿಸಿ ಸೊಸೆ ಹಿತ್ತಲಿಗೆ ಬಂದಾಗ ಆಕೆ ರಕ್ತ ವಾಂತಿ ಮಾಡಿಕೊಂಡು ನೆಲಕ್ಕೆ ಒರಗಿದ್ದರು. ಪಕ್ಕದ ಕಲ್ಲುಬೆಂಚಿನ ಮೇಲೆ ಸೋರೆಕಾಯಿ ರಸದ ಎರಡು ಲೋಟ. ಎರಡೂ ಖಾಲಿ.

"ಏನೋ ವಿಷ ಹೊಟ್ಟೆ ಸೇರಿದೆ" ಎಂದು ಆಸ್ಪತ್ರೆಯಿಂದ ಪೊಲೀಸರಿಗೆ ಸುದ್ದಿ ಹೋಯಿತು. ಬೀದಿಗೆ ಅಷ್ಟು ಸಾಕಾಯಿತು. ಜನರ ಬಾಯಿಗೆ ಬೀಗ ಹಾಕುವವರು ಯಾರು? ಮಧ್ಯಾಹ್ನದೊಳಗೆ ಎಲ್ಲರದೂ ಒಂದೇ ಮಾತು: ಸೊಸೆಯದೇ ಕೈವಾಡ.

ತನಿಖೆಗೆ ಬಂದ ಇನ್‌ಸ್ಪೆಕ್ಟರಮ್ಮ ಕಳ್ಳಿ ಗಿಡವನ್ನೂ ಒಣಗಿಸಿದ ಪುಣ್ಯಾತ್ಗಿತ್ತಿ. ಹಿತ್ತಲಿಗೆ ಕಾಲಿಟ್ಟವಳೇ ಬಾಯಿ ಬಿಟ್ಟುಕೊಂಡು ನಿಂತಳು. ಒಡೆದ ಬಕೆಟ್ಟಿನಲ್ಲಿ ಟೊಮೆಟೊ, ಹಳೇ ಟೈರಿನಲ್ಲಿ ಸೊಪ್ಪು, ಗೋಡೆಯುದ್ದಕ್ಕೂ ಬದನೆ. ಎಲ್ಲಕ್ಕೂ ಮೇಲೆ ಚಪ್ಪರ ತುಂಬಿದ ಸೋರೆ ಬಳ್ಳಿ. ಒಂದು ಹಿಡಿ ಮಣ್ಣಿನಿಂದ ಇಷ್ಟೆಲ್ಲ ಹೇಗೆ ಎದ್ದು ಬರುತ್ತದಪ್ಪಾ!

"ಏನು ನೋಡ್ತಾ ನಿಂತ್ರಿ ಮೇಡಂ?" ಅತ್ತೆಯ ಮಗಳ ದನಿ ಚುಚ್ಚಿತು. "ರಸ ಮಾಡಿದ್ದು ಅತ್ತಿಗೆ. ಲೋಟಕ್ಕೆ ಹಾಕಿದ್ದೂ ಅತ್ತಿಗೆ. ನಮ್ಮಮ್ಮ ಸಾಯೋ ಸ್ಥಿತೀಲಿದಾರೆ. ಇವರು ನೋಡಿ, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದಾರೆ!"

"ನೀವು ಕುಡಿದ್ರಾ?" ಇನ್‌ಸ್ಪೆಕ್ಟರ್ ಸೊಸೆಯನ್ನು ಕೇಳಿದಳು.

"ಇಲ್ಲ ಮೇಡಂ. ಅಷ್ಟರಲ್ಲಿ ಬೇರೆ ಊರಿಂದ ಯಜಮಾನರ ಫೋನ್ ಬಂತು, ಒಳಗೆ ಹೋದೆ. ನನ್ನ ಲೋಟಾನೂ ಅತ್ತೇನೇ ಕುಡಿದ್ರು ಅಂದ್ಕೊಂಡೆ."

ಹವಾಲ್ದಾರ ಗುಲಾಬಿ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. "ಮೇಡಂ, ಇಲ್ಲಿ ನೋಡಿ." ಗಿಡದ ಬುಡದಲ್ಲಿ ಚೆಲ್ಲಿದ ರಸದ ಹಸಿರು ಚರಟ ಇನ್ನೂ ಒದ್ದೆಯಾಗಿತ್ತು.

ಮಗಳು ಕೈ ಕೈ ಹೊಡೆದುಕೊಂಡಳು. "ನೋಡಿದ್ರಾ! ತನ್ನ ಪಾಲು ಗಿಡಕ್ಕೆ, ನಮ್ಮಮ್ಮನ ಪಾಲು ಹೊಟ್ಟೆಗೆ!"

ಅಡುಗೆಮನೆಯ ಅಟ್ಟದ ಮೇಲೆ ಒಂದು ಕೀಟನಾಶಕದ ಬಾಟಲಿ ಸಿಕ್ಕಿತು. ಅರ್ಧ ಖಾಲಿ. ಸೊಸೆಯ ಮುಖ ಬಿಳಿಚಿಕೊಂಡಿತು. "ಅದು ಹೇನಿಗೆ ಮೇಡಂ..."

"ತಲೆಗೆ ಹಚ್ತೀರಾ?" ಹವಾಲ್ದಾರ ಬೆಚ್ಚಿಬಿದ್ದ.

"ಅಯ್ಯೋ, ಬದನೆ ಗಿಡದ ಹೇನಿಗೆ!"

"ವರದಿ ಬರೋವರೆಗೂ ಮನೆ ಬಿಟ್ಟು ಎಲ್ಲೂ ಹೋಗಬೇಡಿ" ಎಂದು ಹೇಳಿ ಇನ್‌ಸ್ಪೆಕ್ಟರ್ ಹೊರಟಳು.

"ಆಸ್ಪತ್ರೆ ಬಾಗಿಲಿಗೂ ಬರಬೇಡಿ" ಎಂದು ಮಗಳು ಸೇರಿಸಿದಳು. ಅಷ್ಟು ಹೊತ್ತೂ ತಡೆದುಕೊಂಡಿದ್ದ ಸೊಸೆ ಆ ಮಾತಿಗೆ ಮಾತ್ರ ಬಿಕ್ಕಳಿಸಿ ಅತ್ತಳು.

* * *

ಮಾರನೇ ದಿನ ವರದಿ ಬಂತು. ಹೊಟ್ಟೆಯಲ್ಲಿ ಕೀಟನಾಶಕದ ಸುಳಿವೇ ಇಲ್ಲ.

"ಅದಲ್ಲದಿದ್ರೆ ಇನ್ನೊಂದು ವಿಷ" ಎಂದರು ಮೇಲಧಿಕಾರಿ. "ಚೆಲ್ಲಿದ ಲೋಟ ಸಾಕ್ಷಿ ಅಲ್ವೇನಮ್ಮಾ? ನಾಳೆ ಅವಳನ್ನ ಒಳಗೆ ಹಾಕು."

ಇನ್‌ಸ್ಪೆಕ್ಟರ್ ಸೀದಾ ಆಸ್ಪತ್ರೆಗೆ ಬಂದಳು. ಅತ್ತೆ ಆಗಷ್ಟೇ ಕಣ್ಣು ಬಿಟ್ಟಿದ್ದರು. ದನಿ ಕ್ಷೀಣವಾಗಿತ್ತು.

"ಸೊಸೆ ಲೋಟ ಚೆಲ್ಲಿದ್ದು ನಾನೇ. ಹಾಳು ಕಹಿ. ಆ ಹುಡುಗಿಗ್ಯಾಕೆ ಆ ಶಿಕ್ಷೆ ಅನ್ನಿಸ್ತು."

"ಅಷ್ಟು ಕಹಿ ಇದ್ದಿದ್ದನ್ನ ನೀವ್ಯಾಕಮ್ಮ ಕುಡಿದ್ರಿ?"

"ನಾನು ಬೆಳೆದ ಮೊದಲ ಸೋರೆಕಾಯಿ. ಬಿಸಾಕೋಕೆ ಮನಸ್ಸು ಬರುತ್ತಾ? ಕಹಿ ಅಂದ್ರೆ ಔಷಧಿ ಅಂತ ಕಣ್ಮುಚ್ಚಿ ಕುಡಿದುಬಿಟ್ಟೆ."

ಹೊರಗೆ ಬಂದ ಮೇಲೆ ಮಗಳು ತಲೆಯಾಡಿಸಿದಳು. "ಸೊಸೇನ ಉಳಿಸೋಕೆ ಹೇಳ್ತಿದ್ದಾರೆ. ನಮ್ಮಮ್ಮನ ಕರುಳು ನಂಗೊತ್ತಿಲ್ವಾ?"

ಇನ್‌ಸ್ಪೆಕ್ಟರಿಗೆ ಬೇಕಾದ ಮಾತು ಸಿಕ್ಕಿತ್ತು. ಕಹಿ.

* * *

"ಕಾಯಿಯ ಸಿಪ್ಪೆ ಎಲ್ಲಿ?" ಮತ್ತೆ ಹಿತ್ತಲಿಗೆ ಬಂದ ಇನ್‌ಸ್ಪೆಕ್ಟರ್ ಕೇಳಿದಳು.

"ಇನ್ನೆಲ್ಲಿ ಮೇಡಂ, ಗೊಬ್ಬರದ ಡಬ್ಬದಲ್ಲಿ" ಎಂದಳು ಸೊಸೆ. "ಈ ಮನೇಲಿ ಸಿಪ್ಪೆ ಬಿಸಾಕಿದ್ರೆ ಅತ್ತೆ ಬಿಡ್ತಾರಾ?"

ಒಣಎಲೆಗಳ ನಡುವೆ ಸಿಪ್ಪೆ ಇನ್ನೂ ಹಸಿಯಾಗಿಯೇ ಸಿಕ್ಕಿತು. ಇನ್‌ಸ್ಪೆಕ್ಟರ್ ನಾಲಿಗೆಯ ತುದಿಗೆ ಚೂರು ತಾಗಿಸಿದಳು. ಅಬ್ಬಬ್ಬಾ! ಉಗುಳಿದಳು, ಬಾಯಿ ಮುಕ್ಕಳಿಸಿದಳು, ಮತ್ತೆ ಉಗುಳಿದಳು. ಕಹಿ ಹೋಗಲೊಲ್ಲದು. ಡಾಕ್ಟರಿಗೆ ಫೋನ್ ಹಚ್ಚಿದಳು.

"ಕಹಿ ಸೋರೆನಾ?" ಡಾಕ್ಟರ ದನಿ ಏರಿತು. "ಅದೇ ವಿಷ ಕಣ್ರೀ! ಹೊರಗಿಂದ ಯಾರೂ ಹಾಕಬೇಕಾಗಿಲ್ಲ. ಲಕ್ಷಣ ಎಲ್ಲ ಹೊಂದುತ್ತೆ. ಸಿಪ್ಪೆ ಕಳಿಸಿ."

ಹೊತ್ತು ಮುಳುಗುತ್ತಿತ್ತು. ಅವಳ ಕಣ್ಣೆದುರಿಗೇ ಚಪ್ಪರದಲ್ಲಿ ಬಿಳಿ ಹೂವು ಒಂದೊಂದಾಗಿ ಬಿಚ್ಚಿಕೊಂಡವು. ಎಲ್ಲಿಂದಲೋ ಒಂದು ಪತಂಗ ಬಂತು. ಗಾಳಿಯಲ್ಲೇ ನಿಂತು ಹೂವಿನೊಳಗೆ ಸೊಂಡಿಲು ಇಳಿಸಿತು. ಮತ್ತೊಂದು ಹೂವಿಗೆ ಹೋಯಿತು, ಆಮೇಲೆ ಗೋಡೆ ಹಾರಿ ಪಕ್ಕದ ಹಿತ್ತಲಿಗೆ. ಬೇಲಿ, ಬೀಗ, ಕಾನೂನು ಯಾವುದರ ಹಂಗೂ ಇಲ್ಲದ ಆ ಜೀವವನ್ನು ನೋಡುತ್ತ ಇನ್‌ಸ್ಪೆಕ್ಟರ್ ಕೇಸನ್ನೇ ಮರೆತಳು.

"ಈ ಬೀಜ ಎಲ್ಲಿಂದ ಬಂತು?" ಎಚ್ಚೆತ್ತು ಕೇಳಿದಳು.

"ಬೀಜದಜ್ಜ ಕೊಟ್ಟಿದ್ದು. ನಮ್ಮ ಕೈತೋಟದ ಬಳಗಕ್ಕೆಲ್ಲ ಅವರದೇ ಬೀಜ. ಮೊನ್ನೆ ಬಂದಿದ್ರು, ಬಳ್ಳಿಗೆ ರೋಗ ಬಂದಿದೆ, ಕಿತ್ತು ಸುಡ್ತೀನಿ ಅಂತ. 'ಕಾಯಿ ಬಿಟ್ಟ ಬಳ್ಳೀನ ಯಾರಾದ್ರೂ ಕೀಳ್ತಾರಾ?' ಅಂತ ಅತ್ತೆ ಓಡಿಸಿಬಿಟ್ರು. ಉಳಿದೋರ ಮನೇಲೆಲ್ಲ ಕಿತ್ತಾಯ್ತು."

ಇನ್‌ಸ್ಪೆಕ್ಟರ್ ಟಾರ್ಚ್ ಹಾಕಿ ಎಲೆ ತಿರುವಿ ತಿರುವಿ ನೋಡಿದಳು. ಒಂದು ಚುಕ್ಕೆ ಇಲ್ಲ, ಒಂದು ತೂತಿಲ್ಲ. "ರೋಗ ಬಂದಿರೋದು ಬಳ್ಳಿಗಲ್ಲ" ಎಂದಳು.

* * *

ಬೆಳಿಗ್ಗೆ ಪಾರ್ಕಿನ ಮರದಡಿ ಕೈತೋಟದವರು ಸೇರಿದ್ದರು. ಒಬ್ಬರು ಹುಲ್ಲುಹಾಸು ಬೋಳಾಯಿತೆಂದು ಗೋಳಾಡಿದರೆ ಇನ್ನೊಬ್ಬರು ಬಸವನಹುಳುವಿಗೆ ಶಾಪ ಹಾಕುತ್ತಿದ್ದರು. ನಡುವೆ ಬೆಂಚಿನ ಮೇಲೆ ಬೀಜದಜ್ಜ. ಎಲ್ಲರಿಗೂ ಅವರ ಮಾತೇ ವೇದ. "ನಮ್ಮ ಬೀಜ ಅಂದ್ರೆ ಅಪರಂಜಿ" ಎನ್ನುವುದು ಅವರ ಮಾತು.

ಇನ್‌ಸ್ಪೆಕ್ಟರ್ ಸೋರೆಕಾಯಿಯೊಂದನ್ನು ಕೊಯ್ದು ತಟ್ಟೆಯಲ್ಲಿ ಹೋಳು ಜೋಡಿಸಿದಳು. "ಆಸ್ಪತ್ರೇಲಿರೋ ಅಮ್ಮನ ಹಿತ್ತಲಿನದು. ಅವರು ಬೆಳೆದಿದ್ದನ್ನ ನೀವು ರುಚಿ ನೋಡದೇ ಇದ್ರೆ ಹೇಗೆ? ಒಂದೊಂದು ತಗೊಳ್ಳಿ."

ಕೈಗಳು ಮುಂದೆ ಬಂದವು.

"ಬಾಯಿಗಿಡಬೇಡಿ!" ಅಜ್ಜ ಎದ್ದು ನಿಂತಿದ್ದರು. "ಬಿಸಾಕ್ರೀ! ಅದು ಕಹಿ!"

ಚಾಚಿದ ಕೈಗಳು ಹಿಂದೆ ಸರಿದವು. ಇನ್‌ಸ್ಪೆಕ್ಟರ್ ಒಂದು ಹೋಳು ಬಾಯಿಗೆ ಹಾಕಿಕೊಂಡು ಕರಕರ ಅಗಿದಳು. "ಇದು ಮಾರ್ಕೆಟ್ಟಿನದು ಅಜ್ಜಾ. ಚೆನ್ನಾಗೇ ಇದೆ. ಕಹಿ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

ಅಜ್ಜ ಕುಸಿದು ಕೂತರು.

"ರೋಗ ಇಲ್ಲದ ಬಳ್ಳಿ ಯಾಕೆ ಕಿತ್ರಿ?"

"ಹೋದ ವರ್ಷ ತಾರಸಿ ಮೇಲೆ ಚಂದಕ್ಕೆ ಅಂತ ಕಹಿಸೋರೆ ಹಬ್ಬಿಸಿದ್ದೆ. ಬಣ್ಣ ಹಚ್ಚಿ ನೇತುಹಾಕೋ ಬುರುಡೆಕಾಯಿ. ಅದರ ಹೂವಿಂದ ಪತಂಗ ಪರಾಗ ಹೊತ್ತು ತಂದು ನನ್ನ ಅಡುಗೆಸೋರೆಗೆ ಹಾಕಿದೆ. ನಂಗೇನು ಗೊತ್ತು? ಆ ಕಾಯಿ ಸಿಹಿಯಾಗೇ ಇತ್ತು, ನಾನೇ ತಿಂದೆ. ಕಹಿ ಬೀಜದೊಳಗೆ ಹೋಗಿ ಕೂತಿತ್ತು."

ಇನ್‌ಸ್ಪೆಕ್ಟರಿಗೆ ಮೈ ಜುಮ್ಮೆಂದಿತು. ಕಣ್ಣಿಗೆ ಕಾಣದಷ್ಟು ಧೂಳು! ಒಂದು ಹುಳುವಿನ ಮೀಸೆಗಂಟಿಕೊಂಡು ಬಂದು, ಸಿಹಿ ಕಾಯಿಯ ಹೊಟ್ಟೆಯಲ್ಲಿ ಒಂದು ವರ್ಷ ಸದ್ದಿಲ್ಲದೆ ಮಲಗಿ, ಮತ್ತೊಬ್ಬರ ಹಿತ್ತಲಲ್ಲಿ ಎದ್ದು ಕೂತಿದೆ. ಅವಳು ಹಿಡಿದ ಯಾವ ಚಾಲಾಕಿಗೂ ಇಂಥ ಕೈಚಳಕ ಇರಲಿಲ್ಲ.

"ಪತಂಗಕ್ಕೆ ಬೇಡಿ ಹಾಕೋಕಾಗಲ್ಲ ಅಜ್ಜಾ" ಎಂದಳು. "ಅದಕ್ಕೇನೂ ಗೊತ್ತಿರಲಿಲ್ಲ. ನಿಮಗೆ ಯಾವಾಗ ಗೊತ್ತಾಯ್ತು?"

"ನನ್ನ ಮನೇಲಿ ಮೊದಲ ಕಾಯಿ ಕೊಯ್ದಾಗ."

"ಆಗಲೇ ಒಂದು ಮಾತು ಹೇಳಬಹುದಿತ್ತು."

"ಜನ ಏನಂತಾರೆ? ಬೀಜದಜ್ಜನ ಬೀಜ ಕಲಬೆರಕೆ ಅಂತ..."

"ನಿಮ್ಮ ಹೆಸರು ಉಳೀಲಿ ಅಂತ ಒಬ್ಬರ ಜೀವ ಹೋಗೋದ್ರಲ್ಲಿತ್ತು. ಇನ್ನೊಬ್ಬಳು ಜೈಲಿಗೆ ಹೋಗೋದ್ರಲ್ಲಿದ್ಲು. ಅದನ್ನ ನೋಡ್ಕೊಂಡೂ ಸುಮ್ಮನಿದ್ರಿ. ನಡೀರಿ ಸ್ಟೇಷನ್ನಿಗೆ."

ಹವಾಲ್ದಾರ ಅಜ್ಜನ ತೋಳು ಹಿಡಿದ. ಯಾರೂ ತಡೆಯಲಿಲ್ಲ.

* * *

ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಮಗಳನ್ನು ಪಕ್ಕಕ್ಕೆ ಕರೆದು ಎಲ್ಲ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಮಗಳ ತಲೆ ತಗ್ಗಿತು. ಗೇಟಿನವರೆಗೆ ನಡೆದಳು. ಅಲ್ಲಿ ರಸ್ತೆಯಾಚೆ ಬಟ್ಟೆಯ ಚೀಲ ಹಿಡಿದು ಸೊಸೆ ನಿಂತಿದ್ದಳು. ಒಳಗೆ ಬಿಡಲಿಲ್ಲವೆಂದು ಅವಳೇನೂ ಮನೆಯಲ್ಲಿ ಕೂತಿರಲಿಲ್ಲ.

"ಅತ್ತಿಗೆ, ಯಾವ ಮುಖ ಇಟ್ಕೊಂಡು ಕರೀಲಿ ಗೊತ್ತಾಗ್ತಿಲ್ಲ" ಎಂದಳು ಮಗಳು. "ತಪ್ಪಾಯ್ತು. ಒಳಗೆ ಬನ್ನಿ."

ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮೊದಲು ಇದು ಹೇಳಿ, ಅವರು ಏನಾದ್ರೂ ತಿಂದ್ರಾ?"

"ಎಲ್ಲಿ! ನಿನ್ನೆಯಿಂದ ನಾನು ಬಾಯಿಗಿಟ್ಟಿದ್ದನ್ನೆಲ್ಲ ಹಾಗೇ ಉಗೀತಿದ್ದಾರೆ. ನೀವು ಬಂದು ತಿನ್ನಿಸಬೇಕಂತೆ."