ಬಿಚ್ಚದ ಬೆರಳು

"ಖೋ" ಎಂದು ಗೆಳತಿ ಸಕ್ಕುಬಾಯಿ ಬೆನ್ನು ತಟ್ಟಿದಳು. ನೀಲಕ್ಕ ಏಳಲು ಹೋದಳು. ಕಾಲು ಕಟ್ಟಿಗೆಯಾಗಿತ್ತು. ಮುಖ ಅಡಿಯಾಗಿ ಬಿದ್ದಳು.

ಶಾಲೆಯ ಖೋಖೋ ತಂಡ ಸೋತಿತು. ತುಸು ಓಡಾಡಿದ ಮೇಲೆ ನೀಲಕ್ಕನ ಕಾಲು ತಾನೇ ಸರಿಯಾಯಿತು. ಅದನ್ನು ಕಂಡು ಮಹಾಂತಪ್ಪ ಮಾಸ್ತರರ ಸಿಟ್ಟು ಇನ್ನೂ ಏರಿತು. ನಾಟಕ ಮಾಡುವವಳು ತಂಡದಲ್ಲಿ ಬೇಡ ಎಂದುಬಿಟ್ಟರು. ಸಕ್ಕುಬಾಯಿ ಅವಳನ್ನು ಬಿಟ್ಟು ಬೇರೆಯವರ ಜೊತೆ ಮನೆಗೆ ಹೋದಳು.

ಮನೆಯಲ್ಲಿ ಅಪ್ಪ ಉಳವಪ್ಪನೂ ಬೈದ. ಮೈಗಳ್ಳತನ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದ. ಅವ್ವ ಮಾತ್ರ ಒಡೆದ ತುಟಿಗೆ ಅರಿಸಿನ ಹಚ್ಚಿದಳು. ಮಗಳನ್ನು ಹಳಿಯಾಳದ ಡಾಕ್ಟರಿಗೆ ತೋರಿಸಲೇಬೇಕೆಂದು ಹಟ ಹಿಡಿದಳು. ಅಪ್ಪ ಒಲ್ಲದ ಮನಸ್ಸಿನಿಂದ ಅವಳನ್ನು ಕರೆದುಕೊಂಡು ಹೊರಟ.

ಡಾಕ್ಟರು ಸಣ್ಣ ಸುತ್ತಿಗೆಯಿಂದ ನೀಲಕ್ಕನ ಹೆಬ್ಬೆರಳಿನ ಬುಡಕ್ಕೆ ಮೆಲ್ಲಗೆ ಬಡಿದರು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು. ಬಿಚ್ಚಲು ತಡಮಾಡಿತು. ಡಾಕ್ಟರು ಅಪ್ಪನತ್ತ ತಿರುಗಿದರು.

"ನನ್ನ ಕೈ ಗಟ್ಟಿ ಹಿಡೀರಿ. ಹಾಂ, ಈಗ ಬಿಡ್ರಿ."

ಅಪ್ಪನಿಗೆ ಬಿಡಲು ಆಗಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು. ಬೆರಳುಗಳು ಒಂದೊಂದಾಗಿ ನಿಧಾನಕ್ಕೆ ಬಿಚ್ಚಿದವು. ನೀಲಕ್ಕ ನೋಡುತ್ತಲೇ ಇದ್ದಳು.

ಡಾಕ್ಟರು ತಿಳಿಸಿ ಹೇಳಿದರು. ಸ್ನಾಯುವಿನ ಒಂದೊಂದು ಜೀವಕೋಶಕ್ಕೂ ತೆಳುವಾದ ಪೊರೆ ಇರುತ್ತದೆ. ಅದರ ಒಳಗೂ ಹೊರಗೂ ಚೂರು ಕರೆಂಟಿನ ವ್ಯತ್ಯಾಸ. ಅದು ಮಿಡಿದಾಗ ಸ್ನಾಯು ಬಿಗಿಯುತ್ತದೆ. ಆಮೇಲೆ ಉಪ್ಪಿನಲ್ಲಿರುವ ಕ್ಲೋರೈಡ್ ಕಣಗಳು ಪೊರೆ ದಾಟಿ ಅದನ್ನು ಶಾಂತ ಮಾಡಬೇಕು. ದಾಟಲು ಅಲ್ಲಿ ಸಣ್ಣ ಬಾಗಿಲುಗಳಿವೆ, ಅವು ಪ್ರೋಟೀನಿನವೇ ಇರಬೇಕೆಂದು ಕೆಲವು ವಿಜ್ಞಾನಿಗಳ ಊಹೆ. ಇವಳ ಸ್ನಾಯುಗಳಲ್ಲಿ ಆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಅದಕ್ಕೇ ಬಿಗಿ ಬೇಗ ಸಡಿಲುವುದಿಲ್ಲ.

ಅದು ಎಪ್ಪತ್ತರ ದಶಕ; ನೀಲಕ್ಕನ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ತನ್ನ ಕಾಲೊಳಗೆ ಅದು ಇದೆಯೆಂದರೆ ಅವಳಿಗೆ ನಂಬಲಾಗಲಿಲ್ಲ.

"ಇದು ಮೈಗಳ್ಳತನ ಅಲ್ಲವ್ವಾ," ಎಂದರು ಡಾಕ್ಟರು ನೀಲಕ್ಕನಿಗೆ. "ಹುಟ್ಟಿನಿಂದ, ನಿಮ್ಮಪ್ಪನ ಕಡೆಯಿಂದ ಬಂದದ್ದು. ಪೂರಾ ಹೋಗೂದಿಲ್ಲ."

ವಾಪಸು ಬರುವಾಗ, ತೇಗದ ಮರಗಳ ನಡುವೆ ಅವಳು ನಿಂತಳು.

"ಅಪ್ಪಾ, ನಿನಗ ಗೊತ್ತಿತ್ತು."

"ಸಣ್ಣಾಂವ ಇದ್ದಾಗಿಂದ ಐತಿ," ಎಂದ ಅಪ್ಪ. "ಲಗ್ನದಾಗ ಮುಚ್ಚಿಟ್ಟೆ. ನಿಮ್ಮವ್ವಗೂ ಗೊತ್ತಿಲ್ಲ."

"ಮತ್ತ ನನಗ್ಯಾಕ ಬೈದಿ?"

ಅಪ್ಪ ಮುಂದೆ ನಡೆದ.

ಮನೆಯಲ್ಲಿ ಅವ್ವ ಕೇಳಿದಾಗ, ಏನೂ ಇಲ್ಲವಂತೆ ಎಂದು ಅಪ್ಪ ಗೋಡೆ ನೋಡಿದ.

"ಐತಿ ಅವ್ವಾ, ನನಗ ಐತಿ," ಎಂದಳು ನೀಲಕ್ಕ. ಡಾಕ್ಟರು ಹೇಳಿದ್ದರಲ್ಲಿ ತನಗೆ ತಿಳಿದಷ್ಟನ್ನು ಹೇಳಿದಳು, ಅಪ್ಪನ ಕೈಯ ವಿಷಯ ಬಿಟ್ಟು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸಿರಿನಲ್ಲಿ ತಾನೇ ಏನೋ ತಪ್ಪು ಮಾಡಿರಬೇಕು ಎಂದು ಅತ್ತಳು.

ನೀಲಕ್ಕ ಅಪ್ಪನ ಕಡೆ ನೋಡಿದಳು. ತನಗೂ ಇದೆಯೆಂದು ಈಗಲಾದರೂ ಹೇಳುತ್ತಾನೆ ಎಂದು ಕಾದಳು. ಅಪ್ಪ ತಲೆ ಎತ್ತಲಿಲ್ಲ. ಅಷ್ಟು ದೊಡ್ಡ ಮನುಷ್ಯ ಹೆದರಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಅವಳು ಹೋಗಿ ಅವ್ವನ ಪಕ್ಕ ಕೂತಳು.

"ನಿನ್ನಿಂದ ಅಲ್ಲವ್ವಾ," ಎಂದಳು.

ಮುಂದಿನ ಮಾತು ಅಪ್ಪ ಆಡಬೇಕಾಗಿತ್ತು. ಅವನು ಎದ್ದು ಅಂಗಳಕ್ಕೆ ಹೋದ.