ನಗಾರಿಯೊಳಗಿನ ಶಿಲುಬೆ

ಸ್ಥಾಪಕರ ದಿನ ಬೆಳಗಾಗುತ್ತಲೇ ಜಕಾಲಿಯಾ ದೊಡ್ಡ ನಗಾರಿಯನ್ನು ಬಿಸಿಲಿಗೆ ತರಲೆಂದು ನಗಾರಿಮನೆಯ ಬೀಗ ತೆಗೆದ. ಚಪ್ಪಲಿ ಹೊರಗೆ ಬಿಟ್ಟ. ಒಳಗೆ ಹೋಗಿ, ಯಾವಾಗಲೂ ಮಾಡುವ ಹಾಗೆ, ಎರಡೂ ಅಂಗೈಯನ್ನು ನಗಾರಿಯ ಮುಖದ ಮೇಲಿಟ್ಟ. ಬಲಗೈಯ ಹೆಬ್ಬೆರಳು ಚರ್ಮದೊಳಕ್ಕೆ ಇಳಿಯಿತು.

ಯಾರೋ ನಗಾರಿಯನ್ನು ಕೊಯ್ದಿದ್ದರು.

ಹೊರಗೆ ನಾಕಿಬಂಗಾ ಗುಡ್ಡವೆಲ್ಲ ಹಬ್ಬವಾಗಿತ್ತು. ಶಾಲೆಗೆ ನೂರು ವರ್ಷ ತುಂಬಿದ ದಿನ. ಬಿಳಿ ಅಂಗಿಯ ಹುಡುಗರು ಪ್ರಾರ್ಥನಾ ಮಂದಿರದ ಮುಂದೆ ಕುರ್ಚಿ ಹೊರುತ್ತಿದ್ದರು, ಅಡಿಗೆಮನೆಯಲ್ಲಿ ಬಾಳೆಕಾಯಿ ಎಲೆಯೊಳಗೆ ಬೇಯುತ್ತ ಹಬೆ ಎದ್ದಿತ್ತು, ಹಳೆ ವಿದ್ಯಾರ್ಥಿಗಳು ಬಸ್ಸಿನಿಂದ ಇಳಿಯುತ್ತಿದ್ದ ಹಾಗೇ ಒಬ್ಬರನ್ನೊಬ್ಬರು ಅಡ್ಡಹೆಸರು ಹಿಡಿದು ಕೂಗುತ್ತಿದ್ದರು. ಮಧ್ಯಾಹ್ನಕ್ಕೆ ಬಿಷಪ್ಪರು ಬರುವವರಿದ್ದರು. ನಗಾರಿಯ ಹಳೆ ಚರ್ಮ ಬಿಚ್ಚಿ, ಒಳಗಿನ ಶಿಲುಬೆಯನ್ನು ಎಲ್ಲರ ಮುಂದೆ ಎತ್ತಿ ಹಿಡಿಯುವವರಿದ್ದರು.

ಆ ಶಿಲುಬೆಯ ಮಾತನ್ನು ಆ ಶಾಲೆಯ ಪ್ರತಿ ಹುಡುಗನೂ ಮೊದಲ ರಾತ್ರಿಯೇ ಕೇಳುತ್ತಿದ್ದ. ಶಾಲೆ ಕಟ್ಟಿದ ಪಾದ್ರಿ ವಿನ್‌ಫರ್ಡ್‌ರ ಎದೆಯ ಮೇಲಿದ್ದ ಬೆಳ್ಳಿ ಶಿಲುಬೆ ಅದು, ಅಂಗೈಯಗಲ. ಗುಡ್ಡವನ್ನು ದಾನ ಕೊಟ್ಟ ದೊರೆ ಸ್ಸೆಕಮ್ವಾ ಅದನ್ನು ಕಂಡು ಮೊಣಕಾಲೂರಿದ, ಆಮೇಲೆ ಅದನ್ನೇ ನಗಾರಿಯ ಹೃದಯವಾಗಿ ಒಳಗಿಟ್ಟರು ಎಂದು ಕತೆ. ಆ ಸೀಮೆಯಲ್ಲಿ ಹೃದಯವಿಲ್ಲದ ನಗಾರಿ ಇಲ್ಲ. ಹೃದಯ ಏನೆಂದು ಕೇಳುವವರೂ ಇಲ್ಲ. ಕೇಳಬಾರದು.

ಜಕಾಲಿಯಾನ ತಾತ ದೊರೆಯ ನಗಾರಿ ಬಡಿಯುವವನು. ಅಪ್ಪನೂ ಅದೇ ಕೆಲಸ. ತನಗೆ ಬುದ್ಧಿ ಬಂದಾಗಿನಿಂದ ಜಕಾಲಿಯಾ ಶಾಲೆಯ ಈ ನಗಾರಿಯ ಕಾವಲಿನಲ್ಲಿದ್ದ. ಅವನ ಗುಡಿಸಲು, ನಾಲ್ಕು ಬಾಳೆಗಿಡ, ಹೆಂಡತಿಯ ಸಮಾಧಿ ಎಲ್ಲ ಶಾಲೆಯ ನೆಲದಲ್ಲೇ.

ಹೆಡ್‌ಮಾಸ್ತರ ಕಿತಾಕಾ ಬಂದು ಕೊಯ್ತ ನೋಡಿದರು. ಬಾಗಿಲು ನೋಡಿದರು, ಬೀಗ ನೋಡಿದರು. ಒಡೆದಿರಲಿಲ್ಲ. ಆಮೇಲೆ ಬಹಳ ಮೆಲ್ಲಗೆ ಹೇಳಿದರು. "ತಾತ, ಶಿಲುಬೆ ಎಲ್ಲಿದೆ ಅಂತ ಬಿಷಪ್ಪರು ಬರೋದ್ರೊಳಗೆ ಹೇಳು. ಹೇಳದೆ ಇದ್ರೆ ನಿನ್ನ ಸಾಮಾನು ಕಟ್ಕೊ. ಸಂಜೆ ಈ ಗುಡ್ಡದ ಮೇಲೆ ನೀನಿರಬಾರ್ದು."

ಜಕಾಲಿಯಾ ನೇರವಾಗಿ ಕಹಿಯಮ್ಮನ ಮನೆಗೆ ಹೋದ.

ಅವಳ ನಿಜವಾದ ಹೆಸರು ಡಮಾಲಿ ನಮುಕಾಸಾ. ಶಾಲೆಯ ಔಷಧಿಕೋಣೆಯಲ್ಲಿ ನರ್ಸಮ್ಮನಾಗಿದ್ದು ತಲೆಮಾರುಗಟ್ಟಲೆ ಹುಡುಗರಿಗೆ ಕಹಿ ಕ್ವಿನೈನ್ ಕುಡಿಸಿದ್ದಕ್ಕೆ ಆ ಹೆಸರು ಅಂಟಿತ್ತು. ಈಗ ನಿವೃತ್ತಿಯಾಗಿ ಅದೇ ಕೋಣೆಯ ಹಿಂದೆ ಇದ್ದಳು. ಶಾಲೆಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ, ಜನ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಅವಳ ಜೊತೆಗೆ ಓಡಾಡಿ, ಏಣಿ ಹಿಡಿದು, ಬಾಗಿಲು ಕಾದು ಜಕಾಲಿಯಾ ಅಂಥ ಎಷ್ಟೋ ಪತ್ತೇದಾರಿ ನೋಡಿದ್ದ. ತನ್ನದೇ ಕೊರಳಿಗೆ ಬಂದದ್ದು ಇದೇ ಮೊದಲು.

"ಅಳಬೇಡ," ಎಂದಳು. "ಅತ್ರೆ ಕಣ್ಣು ಕಾಣಲ್ಲ. ನಡಿ, ರೋಗೀನ ತೋರ್ಸು."

ನಗಾರಿಮನೆಯಲ್ಲಿ ಅವಳು ಕನ್ನಡಕ ಏರಿಸಿ, ಗಾಯ ನೋಡುವ ಹಾಗೇ ಕೊಯ್ತವನ್ನು ನೋಡಿದಳು. ಉದ್ದ ಹೆಚ್ಚಿರಲಿಲ್ಲ. ಅವಳ ಮೂರು ಬೆರಳು ಹೋದವು, ಅಂಗೈ ಹೋಗಲಿಲ್ಲ. ಕೊಯ್ತದ ಎರಡು ತುಟಿಗಳೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಸುಮ್ಮನೆ ಮಲಗಿದ್ದವು. ಆಮೇಲೆ ಅವಳು ಬಗ್ಗಿ, ಮೇಲಿನ ಚರ್ಮವನ್ನೂ ಕೆಳಗಿನ ಚರ್ಮವನ್ನೂ ಬಿಗಿದು ಹಿಡಿದಿದ್ದ ತೊಗಲಿನ ಮಿಣಿಗಳ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಮಿಣಿಯ ತುದಿಯಲ್ಲಿ ಚಪ್ಪಟೆಯಾದ ಗಂಟಿತ್ತು, ತುದಿ ಒಳಕ್ಕೆ ಸಿಕ್ಕಿಸಿತ್ತು.

"ಇದು ನಿನ್ನ ಗಂಟಾ?"

ಅಲ್ಲವೆಂದ. ಅವನ ಮನೆತನದಲ್ಲಿ ನಗಾರಿಗೆ ಗಂಟೇ ಹಾಕುವುದಿಲ್ಲ. ಮಿಣಿಯನ್ನು ಹೊಸೆದು ಕೆಳಗೆ ತೂರಿಸಿ ಬಿಡುತ್ತಾರೆ, ಬಿಸಿಲು ಉಳಿದದ್ದನ್ನು ಬಿಗಿಯುತ್ತದೆ.

"ಇದನ್ನ ಎತ್ತಿ ವಾಲಿಸ್ತೀಯಲ್ಲ, ಆಗ ಒಳಗೆ ಎಂಥ ಸದ್ದು ಬರುತ್ತೆ?"

ಜಕಾಲಿಯಾ ಯೋಚಿಸಿದ. "ಒಣ ಎಲೆ ಸರಿದ ಹಾಗೆ, ಅಮ್ಮ."

"ಅಂಗೈಯಗಲದ ಬೆಳ್ಳಿ ಒಣ ಎಲೆ ಥರ ಸರಿಯುತ್ತಾ?"

ಇಷ್ಟು ವರ್ಷ ಆ ಸದ್ದು ಕೇಳಿದ್ದ. ಅದು ಬೆಳ್ಳಿಯ ಸದ್ದೋ ಅಲ್ಲವೋ ಎಂದು ಒಮ್ಮೆಯೂ ತನ್ನನ್ನು ಕೇಳಿಕೊಂಡಿರಲಿಲ್ಲ. ಹೃದಯದ ಬಗ್ಗೆ ಕೇಳಬಾರದು, ಅದಕ್ಕೇ ಕೇಳಿರಲಿಲ್ಲ. ಅವನೊಬ್ಬನೇ ಅಲ್ಲ, ಗುಡ್ಡದ ಮೇಲೆ ಯಾರೂ ಕೇಳಿರಲಿಲ್ಲ.

ಕೀಲಿಕೈ ವಿಚಾರಕ್ಕೆ ಬಂದಳು. ಎರಡೇ ಇದ್ದವು. ಒಂದು ಜಕಾಲಿಯಾನ ಕೊರಳಲ್ಲಿ. ತಂಗಿಯ ಸಾವಿಗೆಂದು ಹೋಗಿ ನಿನ್ನೆ ಸಂಜೆಯಷ್ಟೇ ಮರಳಿದ್ದ, ಕೀಲಿಕೈ ಜೊತೆಗೇ ಇತ್ತು. ಇನ್ನೊಂದು ಹೆಡ್‌ಮಾಸ್ತರ ಕೋಣೆಯ ಒಳಗೋಡೆಯ ಮೊಳೆಯಲ್ಲಿ. ಆ ಕೋಣೆಗೆ ಹೋಗಿ ಬರುತ್ತಿದ್ದವರು ಮೂವರೇ. ಕಿತಾಕಾ ಒಬ್ಬರು. ಶಾಲೆಯ ಪಾದ್ರಿ ಬ್ಯಾರುಹಂಗಾ ಇನ್ನೊಬ್ಬರು. ಮೂರನೆಯವರು ಇತಿಹಾಸದ ಮಾಸ್ತರ ಎರುಕಾನಾ ಸ್ಸೆಬೋವಾ. ನೂರನೇ ವರ್ಷದ ಹಬ್ಬ ಹೊತ್ತು ನಡೆಸುತ್ತಿದ್ದವರು ಅವರೇ. ಹಳೆ ವಿದ್ಯಾರ್ಥಿಗಳೆಲ್ಲ ಬಂದಿಳಿದದ್ದು ಬೆಳಗಾದ ಮೇಲೆ.

ಪಾದ್ರಿ ಬ್ಯಾರುಹಂಗಾರ ಮೇಲೆ ಆಗಲೇ ಗುಸುಗುಸು ಹುಟ್ಟಿತ್ತು. ಅವರು ದೂರದ ಟೋರೊ ಸೀಮೆಯವರು, ಬೇರೆ ಶಾಲೆಯಲ್ಲಿ ಓದಿದವರು. ಪ್ರಾರ್ಥನಾ ಮಂದಿರದ ಅಂಗಳದಲ್ಲಿ ನಗಾರಿ ಯಾಕೆ, ಗಂಟೆ ಸಾಲದೇ ಎಂದು ಪ್ರಸಂಗದಲ್ಲೇ ಕೇಳಿದ್ದರು. ಹುಡುಗರು ಅದನ್ನು ಮರೆತಿರಲಿಲ್ಲ.

"ಮೂರೂ ಜನಾನ ನಿನ್ನ ಗುಡಿಸಲಿಗೆ ಕರೀತೀನಿ," ಎಂದಳು ಕಹಿಯಮ್ಮ. "ಮೊದಲು ಒಬ್ಬೊಬ್ಬರನ್ನೇ. ಬಂದವರಿಗೆ ಕೊಡೋದು ಕೊಡು. ಉಳಿದದ್ದು ನಾನು ನೋಡ್ಕೋತೀನಿ."

ಬಂದವರಿಗೆ ಕೊಡುವುದೆಂದರೆ ಕಾಫಿಕಾಯಿ. ಎಲೆಯ ಜೊತೆ ಬೇಯಿಸಿ ಒಣಗಿಸಿದ್ದನ್ನು ಪುಟ್ಟ ಬುಟ್ಟಿಯಲ್ಲಿಟ್ಟು ಮುಂದೆ ಹಿಡಿಯುವುದು, ಬಂದವರು ಒಂದೆರಡು ತೆಗೆದು ಬಾಯಿಗೆ ಹಾಕಿಕೊಳ್ಳುವುದು. ಶತ್ರುವಿನ ಮನೆಯಲ್ಲೂ ಅದನ್ನು ಬೇಡ ಅನ್ನುವವರಿಲ್ಲ.

ಮೊದಲು ಬಂದವರು ಕಿತಾಕಾ. ಉದ್ದನೆಯ ಬಿಳಿ ನಿಲುವಂಗಿ, ಸೊಂಟಕ್ಕೆ ಕತ್ತಾಳೆ ಹುರಿ. ಸ್ಥಾಪಕರ ದಿನ ಹಳೆ ವಿದ್ಯಾರ್ಥಿಗಳೆಲ್ಲ ಅದನ್ನು ಕಟ್ಟಲೇಬೇಕು, ಹುಡುಗರಾಗಿದ್ದಾಗ ತಾವಿದ್ದ ವಸತಿಮನೆಯ ಗಂಟಿನಲ್ಲಿ; ಒಂದೊಂದು ವಸತಿಗೂ ಒಂದೊಂದು ಗಂಟು. ಹೆಡ್‌ಮಾಸ್ತರರದ್ದು ನೀರಿನ ವಸತಿ, ಮೊಲದ ಕಿವಿಯಂತೆ ಎರಡು ಕುಣಿಕೆ ಇಳಿಬಿದ್ದಿದ್ದವು. ಕಾಫಿಕಾಯಿ ಅಗಿಯುತ್ತಲೇ ಪೊಲೀಸರಿಗೆ ಹೇಳಿ ಕಳಿಸುತ್ತೇನೆಂದು ಗದರಿ ಹೋದರು.

ಪಾದ್ರಿಗಳು ನಿಲುವಂಗಿಗೆ ಬರೀ ಕಪ್ಪು ಪಟ್ಟಿ ಬಿಗಿದಿದ್ದರು. ಬುಟ್ಟಿಗೆ ಕೈ ಹಾಕಿ ಒಂದು ಹಿಡಿಯನ್ನೇ ತೆಗೆದರು. "ನಗಾರಿ ನನಗೆ ಸೇರಲ್ಲ, ನಿಜ," ಎಂದರು. "ಹಾಗಂತ ನಗಾರಿಗೆ ಚೂರಿ ಹಾಕೋನು ನಾನಲ್ಲ, ಅಮ್ಮ. ಬೈಯೋದಿದ್ರೆ ಎದುರಿಗೇ ಬೈತೀನಿ, ನಿಮಗೇ ಗೊತ್ತು."

ಕಡೆಗೆ ಸ್ಸೆಬೋವಾ ಬಂದರು. ಕಣ್ಣು ಕೆಂಪಾಗಿತ್ತು. ಬೆಟ್ಟದ ವಸತಿಯ ಹುರಿ ಸೊಂಟದಲ್ಲಿ ನೀಟಾಗಿ ಕೂತಿತ್ತು. ಪೊಲೀಸರು ಗಿಲೀಸರು ಬೇಡ, ತಾತನನ್ನು ನಾಲ್ಕು ಜನರ ಮುಂದೆ ನಿಲ್ಲಿಸುವುದೂ ಬೇಡ, ತಾನು ಬೇರೆ ಊರಲ್ಲಿ ಮನೆ ನೋಡಿಕೊಡುತ್ತೇನೆ ಎಂದು ಬಡಬಡಿಸಿದರು. ಜಕಾಲಿಯಾ ಬುಟ್ಟಿ ಹಿಡಿದ. ಸ್ಸೆಬೋವಾ ಅದರೊಳಗೆ ನೋಡಿ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ಹೊಟ್ಟೆ ಸರಿಯಿಲ್ಲ," ಎಂದರು.

ಜಕಾಲಿಯಾಗೆ ಅವಮಾನವಾಯಿತು. ಕಳ್ಳನ ಕೈಯಿಂದ ತಿನ್ನಬಾರದು ಅಂತ ಇರಬೇಕು ಎಂದುಕೊಂಡ. ಕಹಿಯಮ್ಮ ಮಾತ್ರ ಬುಟ್ಟಿಯಿಂದ ಒಂದು ಕಾಯಿ ತೆಗೆದು ಬಹಳ ಹೊತ್ತು ಅಗಿದಳು.

ಬಿಸಿಲು ಏರಿತು. ಜಕಾಲಿಯಾ ಪಾತ್ರೆಗಳನ್ನು ಒಂದು ಗಂಟು ಕಟ್ಟಿಟ್ಟ. ಬ್ಯಾಂಡಿನ ಹುಡುಗರು ಗೇಟಿನ ಹತ್ತಿರ ತುತ್ತೂರಿ ಊದಿ ಊದಿ ಪರೀಕ್ಷೆ ಮಾಡುತ್ತಿದ್ದರು. ಬಿಷಪ್ಪರ ಕಾರು ಕೆಳಗಿನ ಪೇಟೆ ದಾಟಿತೆಂದು ಸುದ್ದಿ ಬಂತು. ಕಹಿಯಮ್ಮ ಮೂವರನ್ನೂ ಮತ್ತೆ ಕರೆಸಿದಳು, ಈ ಸಲ ನಗಾರಿಮನೆಗೆ. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು. ಜಕಾಲಿಯಾ ನಗಾರಿಗೆ ಒರಗಿ ನಿಂತ.

"ನಾನು ಗಾಯ ನೋಡಿ ನೋಡಿ ಮುದುಕಿ ಆದವಳು," ಎಂದು ಶುರು ಮಾಡಿದಳು. "ಬಿಗಿದ ಚರ್ಮ ಕೊಯ್ದರೆ ಅದು ಬಾಯಿ ಬಿಡುತ್ತೆ, ಅಂಚಿನವರೆಗೂ ಹರಿಯುತ್ತೆ. ಇದು ಬಾಯಿ ಮುಚ್ಚಿಕೊಂಡಿದೆ. ಅಂದ್ರೆ ಚೂರಿ ಬಿದ್ದಾಗ ನಗಾರಿ ಸಡಿಲ ಇತ್ತು. ಯಾರೋ ಅದಕ್ಕೆ ಮೊದಲೇ ಮಿಣಿ ಬಿಚ್ಚಿ, ಬಿಗಿಯೋಕೆ ಬರದೆ ಸಡಿಲವಾಗೇ ಮತ್ತೆ ಕಟ್ಟಿದ್ರು."

ಬಿಚ್ಚಿದವನು ಕಳ್ಳನಾದರೆ ಬೇಕಾದ್ದು ತೆಗೆದುಕೊಂಡು ಓಡುತ್ತಿದ್ದ, ಮತ್ತೆ ಯಾಕೆ ಕಟ್ಟಿದ ಎಂದು ಕೇಳಿದಳು. ಕಟ್ಟಿದ ಮೇಲೆ ಯಾಕೆ ಕೊಯ್ದ? ಕೊಯ್ದದ್ದಾದರೂ ಎಷ್ಟು? ಹೆಡ್‌ಮಾಸ್ತರರನ್ನು ಕರೆದು ಅದರೊಳಗೆ ಅಂಗೈ ತೂರಿಸಿ ನೋಡಿ ಎಂದಳು. ಕಿತಾಕಾ ಯತ್ನಿಸಿದರು. ಹೋಗಲಿಲ್ಲ.

"ನಿಮ್ಮ ಅಂಗೈಯೇ ಹೋಗದ ತೂತಲ್ಲಿ ಅಂಗೈಯಗಲದ ಶಿಲುಬೆ ಹೇಗೆ ಹೊರಗೆ ಬಂತು, ಹೇಳಿ. ಈ ಕೊಯ್ತ ಕದಿಯೋಕಲ್ಲ. ಕದ್ದ ಹಾಗೆ ಕಾಣ್ಲಿ ಅಂತ ಮಾಡಿದ್ದು. ಇಲ್ಲಿಂದ ಶಿಲುಬೆ ಕಳುವಾಗಿಲ್ಲ, ಮಾಸ್ತರೇ. ಈ ತಾತ ಇಷ್ಟು ವರ್ಷ ಒಳಗೆ ಕೇಳಿದ್ದು ಒಣ ಎಲೆ ಸದ್ದು, ಬೆಳ್ಳಿ ಸದ್ದಲ್ಲ. ಇಲ್ಲಿ ಶಿಲುಬೆ ಯಾವತ್ತೂ ಇರ್ಲಿಲ್ಲ."

ಹೊರಗಿನ ತುತ್ತೂರಿಯ ಸದ್ದು ದೂರದ್ದಾಗಿ ಕೇಳಿತು.

ಅವಳು ಮುಂದುವರಿಸಿದಳು. ಬಿಚ್ಚಿದವನು ಒಳ್ಳೆಯ ಮನಸ್ಸಿನಿಂದಲೇ ಬಿಚ್ಚಿದ್ದ. ಬಿಷಪ್ಪರು ಎತ್ತಿ ಹಿಡಿಯುವ ಮೊದಲು ಬೆಳ್ಳಿಯನ್ನು ಒಂದಿಷ್ಟು ತಿಕ್ಕಿ ಹೊಳಪು ಮಾಡೋಣವೆಂದು. ಜಕಾಲಿಯಾ ಊರಲ್ಲಿಲ್ಲದ ಹೊತ್ತು ನೋಡಿ ಬಂದ. ಒಳಗೆ ಬೆಳ್ಳಿ ಇರಲಿಲ್ಲ, ಬೇರೆ ಏನೋ ಇತ್ತು. ಅದನ್ನು ತೆಗೆದುಕೊಂಡು ಮಿಣಿ ಕಟ್ಟಿದ. ಕಟ್ಟಿದ ಮೇಲೆ ಹೊಳೆಯಿತು, ನಾಳೆ ನೂರಾರು ಜನರ ಮುಂದೆ ನಗಾರಿ ಬರಿದಾಗಿ ತೆರೆಯುತ್ತದೆ ಎಂದು. ಆಗ ಚೂರಿ ಹೊರಗೆ ಬಂತು. ನೂರು ವರ್ಷದ ಮಾತು ಸುಳ್ಳಾಗುವುದಕ್ಕಿಂತ ಕಳ್ಳನೊಬ್ಬ ಹುಟ್ಟುವುದು ವಾಸಿ ಅನ್ನಿಸಿತು.

"ಗಾಬರಿಯಲ್ಲಿ ಕೈ ತನಗೆ ಗೊತ್ತಿರೋದನ್ನೇ ಮಾಡುತ್ತೆ. ನಾನು ಈ ಹುಡುಗರ ಮುರಿದ ಕೈಗೆ ಜೋಲಿ ಕಟ್ಟಿದ್ದೇ ಕಟ್ಟಿದ್ದು. ಮಾರನೇ ದಿನ ನೋಡಿದ್ರೆ ನನ್ನ ಗಂಟು ಬಿಚ್ಚಿ ತಮ್ಮ ವಸತಿ ಗಂಟು ಹಾಕ್ಕೊಂಡಿರೋರು. ನೀರಿನವರದ್ದು ಮೊಲದ ಕಿವಿ. ಬೆಟ್ಟದವರದ್ದು ಚಪ್ಪಟೆ, ತುದಿ ಒಳಗೆ. ಈ ಮಿಣಿ ನೋಡಿ. ಆಮೇಲೆ ನಿಮ್ಮ ನಿಮ್ಮ ಸೊಂಟ ನೋಡ್ಕೊಳ್ಳಿ."

ಪಾದ್ರಿಗಳು ತಮ್ಮ ಕಪ್ಪು ಪಟ್ಟಿ ನೋಡಿಕೊಂಡರು. ಕಿತಾಕಾ ತಮ್ಮ ಎರಡು ಕುಣಿಕೆ ನೋಡಿಕೊಂಡರು. ಸ್ಸೆಬೋವಾ ನೋಡಿಕೊಳ್ಳಲಿಲ್ಲ. ಅವರ ಕೈ ಗಂಟನ್ನು ಮುಚ್ಚಿತ್ತು.

"ಎರುಕಾನಾ," ಎಂದಳು ಕಹಿಯಮ್ಮ, ಜ್ವರ ಬಂದ ಹುಡುಗನನ್ನು ಕರೆಯುವ ಧ್ವನಿಯಲ್ಲಿ. "ಬೆಳಿಗ್ಗೆ ಕಾಫಿಕಾಯಿ ಕಂಡು ಕೈ ಹಿಂದಕ್ಕೆ ತಗೊಂಡೆಯಲ್ಲ. ನೀನು ಮಗುವಾಗಿದ್ದಾಗಲೇ ಬುಟ್ಟಿ ಖಾಲಿ ಮಾಡ್ತಿದ್ದವನು. ಕಾಫಿಗೆ ಹೆದರೋ ಹಾಗೆ ಆ ನಗಾರಿಯಲ್ಲಿ ಏನು ನೋಡಿದೆ? ನೀನು ಅದನ್ನ ಎಸೆದಿಲ್ಲ, ನನಗೆ ಗೊತ್ತು. ನೂರು ವರ್ಷದ್ದನ್ನ ಎಸೆಯೋಕೆ ಇತಿಹಾಸದ ಮಾಸ್ತರನ ಕೈ ಬರಲ್ಲ."

ಸ್ಸೆಬೋವಾ ಎದೆಯ ಜೇಬಿನಿಂದ ಒಂದು ಪುಟ್ಟ ನಾರುಬಟ್ಟೆಯ ಗಂಟು ತೆಗೆದು ನಗಾರಿಯ ಮೇಲಿಟ್ಟು ಬಿಚ್ಚಿದರು. ಒಳಗೆ ಒಣಗಿ ಕಪ್ಪಾದ ಕಾಫಿಹಣ್ಣಿನ ಸಿಪ್ಪೆ. ಎರಡು ಹೋಳು. ಬೀಜ ಎರಡೂ ಇರಲಿಲ್ಲ.

ಅಲ್ಲಿದ್ದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಒಂದು ಹಣ್ಣು, ಎರಡು ಬೀಜ. ಇಬ್ಬರು ಎದುರೆದುರು ಕೂತು, ಹೊಟ್ಟೆಯ ಮೇಲೆ ಗೀರಿ, ತನ್ನ ಬೀಜವನ್ನು ತನ್ನ ರಕ್ತದಲ್ಲಿ ಅದ್ದಿ ಇನ್ನೊಬ್ಬನ ಬಾಯಿಗೆ ಕೊಟ್ಟರೆ ಅವರು ಅಲ್ಲಿಂದ ಒಡಹುಟ್ಟಿದವರು. ಸಾಯುವವರೆಗೆ.

"ಮೊಣಕಾಲೂರಿದ್ದು ಎಲ್ಲ ಸುಳ್ಳು," ಎಂದರು ಸ್ಸೆಬೋವಾ. "ನಮ್ಮ ಪಾದ್ರಿ ವಿನ್‌ಫರ್ಡ್ ಈ ನೆಲದ ಮೇಲೆ ಕೂತು ದೊರೆಯ ರಕ್ತ ನುಂಗಿದ್ರು. ಇದನ್ನ ಬಿಷಪ್ಪರ ಮುಂದೆ ಹೇಗೆ ಹಿಡೀಲಿ? ನಾನು ಎಷ್ಟು ಹುಡುಗರಿಗೆ ಆ ಕತೆ ಹೇಳಿದ್ದೀನಿ."

"ಅದಕ್ಕೆ ಈ ತಾತನ್ನ ಮಾರಿದೆಯಾ?" ಎಂದರು ಪಾದ್ರಿ ಬ್ಯಾರುಹಂಗಾ. ಗುಡ್ಡದಲ್ಲಿ ಯಾರೂ ಅವರ ಧ್ವನಿ ಅಷ್ಟು ತಗ್ಗಿದ್ದನ್ನು ಕೇಳಿರಲಿಲ್ಲ.

ಕಿತಾಕಾ ಜಕಾಲಿಯಾನ ಮುಂದೆ ಬಂದು ನಿಂತರು. ಅವನ ಎರಡೂ ಕೈ ಹಿಡಿದುಕೊಂಡರು. ಜಕಾಲಿಯಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಅವನ ಕಣ್ಣು ಆ ಸಿಪ್ಪೆಯ ಮೇಲಿತ್ತು. ಒಣ ಎಲೆ ಸರಿದ ಸದ್ದು. ತನ್ನ ತಾತನಿಗೆ ಗೊತ್ತಿದ್ದಿರಬೇಕು. ಗೊತ್ತಿದ್ದೂ ಹೇಳದೆ ಹೋದ.

ಬಿಷಪ್ಪರ ಮುಂದೆ ಎಲ್ಲವನ್ನೂ ಹೇಳಿದವರು ಸ್ಸೆಬೋವಾರೇ. ಕಹಿಯಮ್ಮ ಪಕ್ಕದಲ್ಲಿ ನಿಂತಿದ್ದಳು, ಓಡಿಹೋಗದ ಹಾಗೆ. ಬಿಷಪ್ಪರು ಸಿಪ್ಪೆಯ ಎರಡು ಹೋಳನ್ನು ಅಂಗೈಯಲ್ಲಿಟ್ಟುಕೊಂಡು ಒಂದಕ್ಕೊಂದು ಜೋಡಿಸಿ ನೋಡಿದರು. ಆಮೇಲೆ ಅವರು ಅದನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದರು. ಈ ಗುಡ್ಡವನ್ನು ಇಷ್ಟು ದಿನ ದಾನ ಅಂದುಕೊಂಡಿದ್ದೆವು, ಇದು ತಮ್ಮನ ಪಾಲು ಎಂದು ಇವತ್ತು ಗೊತ್ತಾಯಿತು ಎಂದರು.

ನಗಾರಿ ಬಡಿಯುವಂತಿರಲಿಲ್ಲ. ಜಕಾಲಿಯಾ ಅದರ ಪಕ್ಕದಲ್ಲಿ ಬರಿಗೈಯಲ್ಲಿ ನಿಂತು, ಅಭ್ಯಾಸಬಲದಿಂದ ಅಂಗೈಯಿಂದ ತೊಡೆಯ ಮೇಲೆ ಅದರ ಬಡಿತವನ್ನು ತಟ್ಟಿದ. ಮುಂದಿನ ಸಾಲಿನ ಹುಡುಗರು ಕೇಳಿಸಿಕೊಂಡರು. ಅವರು ಬೆಂಚು ತಟ್ಟಿದರು. ಹಿಂದಿನವರು ನೆಲ ತುಳಿದರು. ನೆರೆತ ಹಳೆ ವಿದ್ಯಾರ್ಥಿಗಳು ಕುರ್ಚಿ ಹಿಡಿದು ಬಡಿದರು. ಕಡೆಗೆ ಇಡೀ ಗುಡ್ಡವೇ ನಗಾರಿಯಾಗಿ ನಡುಗಿತು. ಪೇಟೆಯ ಜನ ಏನಾಯಿತೆಂದು ಮೇಲೆ ಹತ್ತಿ ಬಂದರು. ಪಾದ್ರಿ ಬ್ಯಾರುಹಂಗಾ ಕೂಡ ಪ್ರಾರ್ಥನೆ ಪುಸ್ತಕದ ಮೇಲೆ ತಾಳ ಹಾಕುತ್ತಿದ್ದುದನ್ನು ಕಹಿಯಮ್ಮ ಜಕಾಲಿಯಾಗೆ ಕಣ್ಣಲ್ಲೇ ತೋರಿಸಿದಳು.

ಸಂಜೆ ಸ್ಸೆಬೋವಾ ಗುಡಿಸಲಿನ ಬಾಗಿಲಿಗೆ ಬಂದು ಹೊಸ್ತಿಲ ಹೊರಗೇ ನಿಂತರು. ಒಳಗೆ ಬಾ ಎಂದು ಜಕಾಲಿಯಾ ಅನ್ನಲಿಲ್ಲ. ಬಾಳೆಗಿಡಕ್ಕೆ ನೀರು ಹಾಕಿದ, ಹೆಂಡತಿಯ ಸಮಾಧಿಯ ಸುತ್ತ ಗುಡಿಸಿದ, ಬೆಳಿಗ್ಗೆ ಕಟ್ಟಿಟ್ಟಿದ್ದ ಸಾಮಾನಿನ ಗಂಟು ಬಿಚ್ಚಿ ಪಾತ್ರೆಗಳನ್ನು ಒಂದೊಂದಾಗಿ ಗೂಡಿನಲ್ಲಿಟ್ಟ. ಮಾಸ್ತರರು ನಿಂತೇ ಇದ್ದರು.

ಕಡೆಯ ಪಾತ್ರೆ ಇಟ್ಟಾದ ಮೇಲೆ ಜಕಾಲಿಯಾ ಪುಟ್ಟ ಬುಟ್ಟಿ ತಂದು ಮುಂದೆ ಹಿಡಿದ.

"ಹೊಟ್ಟೆ ಈಗ ಸರಿಯಾಯ್ತಾ, ಮಾಸ್ತರೇ?" ಎಂದು ಕೇಳಿದ.