ಕಲ್ಲಿನ ಕೆಳಗೆ ಎರಡು ಚೀಲ

ಗಿರಣಿ ಯಜಮಾನನ ತಲೆ ಇರಬೇಕಾದ ಜಾಗದಲ್ಲಿ ಬೀಸುಕಲ್ಲಿತ್ತು.

ಬೆಳಿಗ್ಗೆ ಬಾಗಿಲು ತೆರೆದು ಅದನ್ನು ಮೊದಲು ನೋಡಿದವಳು ಅವನ ಹೆಂಡತಿ. ಕುತ್ತಿಗೆಯವರೆಗೆ ಗಂಡ, ಅಲ್ಲಿಂದಾಚೆಗೆ ಕಲ್ಲು. ರಕ್ತ ನೆಲದ ಹಿಟ್ಟಿನಲ್ಲಿ ಕಲೆತು ಕಣಕದಂತೆ ಗಟ್ಟಿಯಾಗಿತ್ತು. ಪಕ್ಕದಲ್ಲೇ ಗಿರಣಿಯ ಆಳು, ಒಂಬತ್ತಡಿ ಎತ್ತರದ ರಕ್ಕಸ, ಅಂಗಾತ ಬಿದ್ದಿದ್ದ. ಅವನ ಬಲಗೈ ಮೊಣಕೈವರೆಗೂ ಕೆಂಪಾಗಿತ್ತು.

ಅವಳ ಕಿರುಚಾಟಕ್ಕೆ ಬೀದಿಗೆ ಬೀದಿಯೇ ಓಡಿಬಂತು. ಎಚ್ಚರ ತಪ್ಪಿದವನನ್ನು ಗಿರಣಿಯೊಳಗಿನ ಕಂಬಕ್ಕೆ ಸರಪಳಿಯಿಂದ ಬಿಗಿದರು. ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಒಬ್ಬ ಕೊಡಲಿ ತರಲು ಮನೆಗೆ ಓಡಿದ. ಪೊಲೀಸರು ಬರುವಷ್ಟರಲ್ಲಿ ರಕ್ಕಸನ ಎರಡು ಹಲ್ಲು ಉದುರಿದ್ದವು.

ಆ ಊರಿನ ಕಾನೂನು ಚಿಕ್ಕದು. ರಕ್ಕಸ ಮನುಷ್ಯನನ್ನು ಕೊಂದರೆ ವಿಚಾರಣೆ ಗಿಚಾರಣೆ ಇಲ್ಲ. ಮಧ್ಯಾಹ್ನದ ಗಂಟೆ ಹೊಡೆದೊಡನೆ ತಲೆ ಕಡಿಯುವುದು, ಅಷ್ಟೆ.

*

ಮಾಟಗಾತಿ ಅಜ್ಜಿ ಪೊರಕೆಯಿಂದ ಇಳಿದಾಗ ಹತ್ತು ಗಂಟೆ. ಹೆಗಲ ಮೇಲೆ ಅವಳ ಕಾಗೆ. ಮಾತಿಗೆ ಮಾತು ಜೋಡಿಸುವ ಅದರ ಚಟಕ್ಕೆ ಊರವರು ಇಟ್ಟ ಹೆಸರು ವಕೀಲ.

ಇನ್‌ಸ್ಪೆಕ್ಟರ್ ಅವಳನ್ನು ನೋಡಿ ನಿಟ್ಟುಸಿರು ಬಿಟ್ಟ. ಇಪ್ಪತ್ತು ವರ್ಷದ ನೌಕರಿಯಲ್ಲಿ ಆತ ಒಂದು ಕೊಲೆಯನ್ನೂ ಪತ್ತೆ ಮಾಡಿದವನಲ್ಲ. ಅಗತ್ಯವೇ ಬಿದ್ದಿರಲಿಲ್ಲ. ಹೆಣದ ನಾಲಿಗೆಯ ಮೇಲೆ ಅಜ್ಜಿ ಮೂರು ಹನಿ ಕಷಾಯ ಬಿಟ್ಟರೆ ಸಾಕು, ಸತ್ತವನು ಕೊಂದವನ ಹೆಸರು ಹೇಳಿ ಮತ್ತೆ ಸಾಯುತ್ತಿದ್ದ. ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡು ಊಟಕ್ಕೆ ಹೋಗುತ್ತಿದ್ದ.

"ಈ ಸಲ ನಿಮ್ಮ ಕಷಾಯಕ್ಕೆ ಕೆಲಸ ಇಲ್ಲ ಅಜ್ಜಿ. ನಾಲಿಗೆ ಇರೋ ಹಾಗೆ ಕಾಣಲ್ಲ."

"ನಮ್ಮ ಪುಟ್ಟ ಎಲ್ಲಿ?"

ಪುಟ್ಟ ಎಂದರೆ ಆ ಒಂಬತ್ತಡಿಯವನು. ಕಾಡಿನಲ್ಲಿ ಸಿಕ್ಕ ಕೂಸನ್ನು ಅವಳೇ ತಂದು ಸಾಕಿದ್ದಳು. ಕಂಬಕ್ಕೆ ಜೋತುಬಿದ್ದ ಅವನ ಮುಖ ಊದಿ ಗುರುತೇ ಸಿಗದ ಹಾಗಾಗಿತ್ತು. ಅಜ್ಜಿ ಕೆನ್ನೆ ತಟ್ಟಿದಳು. ಅವನು ಒಂದು ಕಣ್ಣು ತೆರೆದ, ನೆಲ ನೋಡಿದ, ರಕ್ತ ಕಂಡ, ಮತ್ತೆ ಎಚ್ಚರ ತಪ್ಪಿದ.

"ಬೆಳಿಗ್ಗೆಯಿಂದ ಇದೇ ಕತೆ," ಎಂದ ಇನ್‌ಸ್ಪೆಕ್ಟರ್. "ನಾಟಕ."

"ನಾಟಕ ಅಲ್ಲ ಸ್ವಾಮಿ," ಎಂದಿತು ವಕೀಲ. "ರಕ್ತ ಕಂಡ್ರೆ ಅವನಿಗಾಗಲ್ಲ. ಸೊಳ್ಳೆ ಹೊಡೆದ್ರೂ ಬೀಳ್ತಾನೆ."

ನಿನ್ನೆ ಯಜಮಾನ ಎಲ್ಲರೆದುರು ಪುಟ್ಟನಿಗೆ ಚಾವಟಿಯಿಂದ ಬಾರಿಸಿದ್ದ. ಪುಟ್ಟ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದ. ಬೆಳಿಗ್ಗೆ ಮಾತಾಡದೆ ಕೆಲಸಕ್ಕೆ ಹೊರಟಿದ್ದ. ಆ ಕೆಂಪು ಕೈ ನೋಡುತ್ತಿದ್ದ ಅಜ್ಜಿಯ ಮನಸ್ಸಿನಲ್ಲಿ ಒಂದು ಮಾತು ಹಾದುಹೋಯಿತು. ಮಾಡಿರಬಹುದಾ? ಅವಳು ಆ ಕೈಯಿಂದ ಕಣ್ಣು ಕಿತ್ತು ಕಲ್ಲಿನ ಕಡೆ ತಿರುಗಿದಳು.

"ಕಲ್ಲೆತ್ತಿಸಿ," ಎಂದಳು.

ಆರು ಜನ ಪೇದೆಗಳು ಹಾರೆ ಹಾಕಿದರು. ಹೇಗೆ ಎತ್ತಬೇಕೆಂದು ಹೇಳಲು ಕಲ್ಲುಕುಟಿಗ ಬಂದಿದ್ದ. ಸವೆದ ಬೀಸುಕಲ್ಲಿಗೆ ಉಳಿಯಿಂದ ಹೊಸ ಕಚ್ಚು ಹಾಕುವುದು ಅವನ ಕಸುಬು. ಅಪ್ಪನ ಕಾಲದಿಂದಲೂ ಈ ಗಿರಣಿಯ ಕಲ್ಲಿಗೆ ಅವರ ಮನೆಯವರದೇ ಕೈ.

"ಮೆಲ್ಲಗೆ! ಮೆಲ್ಲಗೆ ಎತ್ರಪ್ಪಾ! ಅಂಚು ನೋಡ್ಕೊಳ್ಳಿ!"

ಸತ್ತವನ ಮೇಲೆ ಎಷ್ಟು ಅಕ್ಕರೆ ಎಂದು ನೆರೆದವರು ಲೊಚಗುಟ್ಟಿದರು. ಕಲ್ಲನ್ನು ಗೋಡೆಗೆ ಒರಗಿಸಿದರು. ಕೆಳಗೆ ಮುಖವೆನ್ನುವುದು ಉಳಿದಿರಲಿಲ್ಲ. ಮೂಳೆಯ ಚೂರು, ಕೂದಲು, ಒಂದು ಕಿವಿ. ಒಬ್ಬ ಪೇದೆ ಹೊರಗೋಡಿ ವಾಂತಿ ಮಾಡಿದ. ಆ ಮುದ್ದೆಯ ಮೇಲೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲವೊಂದು ರಕ್ತ ಹೀರಿ ಕುಳಿತಿತ್ತು.

"ನೋಡಿದ್ರಾ?" ಇನ್‌ಸ್ಪೆಕ್ಟರ್ ಮುಖ ಅರಳಿತು. "ರಕ್ತ ನೋಡೋಕಾಗಲ್ಲ ಅಂದ್ರಲ್ಲ. ಅದಕ್ಕೇ ಮೊದಲು ಮುಖಕ್ಕೆ ಚೀಲ ಮುಚ್ಚಿದ್ದಾನೆ. ಆಮೇಲೆ ಕಲ್ಲು ಹಾಕಿದ್ದಾನೆ."

ವಕೀಲ ಹೆಗಲಿನಿಂದ ನೆಲಕ್ಕಿಳಿದು ಚೀಲವನ್ನು ಕೊಕ್ಕಿನಿಂದ ಕುಕ್ಕಿ ನೋಡಿತು.

"ಕಲ್ಲು ಎಲ್ಲಿತ್ತು?" ಅಜ್ಜಿ ಕಲ್ಲುಕುಟಿಗನನ್ನು ಕೇಳಿದಳು.

"ಗಿರಣಿಯ ಮೇಲೆ, ಅದರ ಜಾಗದಲ್ಲೇ ಇತ್ತಜ್ಜಿ. ನಿನ್ನೆ ಸಂಜೆಗೇ ನನ್ನ ಕೆಲಸ ಮುಗೀತು. ಪುಟ್ಟ ಎತ್ತಿ ಕೂರಿಸ್ದ. ನಾನು ಮನೆಗೆ ಹೋದೆ."

"ಅಲ್ಲಿಂದ ಕಿತ್ತು ತಲೆ ಮೇಲೆ ಹಾಕೋಕೆ ಈ ಊರಲ್ಲಿ ಇನ್ಯಾರ ಕೈಲಾಗುತ್ತೆ?" ಎಂದ ಇನ್‌ಸ್ಪೆಕ್ಟರ್.

*

ಯಜಮಾನನ ಹೆಂಡತಿ ಒಳಕೋಣೆಯಲ್ಲಿ ಕುಳಿತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಕುತ್ತಿಗೆಯ ಮೇಲೆ ಐದು ಬೆರಳಿನ ನೀಲಿ ಗುರುತಿತ್ತು.

"ನಿನ್ನೆಯದಾ ಇದು?" ಅಜ್ಜಿ ಕೇಳಿದಳು.

"ನಿನ್ನೆದು ಇದು, ಮೊನ್ನೆದು ಬೆನ್ನ ಮೇಲಿದೆ. ನನ್ನ ಮೇಲೆ ಅನುಮಾನ ಬೇಡ ಅಜ್ಜಿ. ಕೊಲ್ಲೋ ಹಾಗಿದ್ರೆ ಮದುವೆಯಾದ ವಾರಕ್ಕೇ ಕೊಂದಿರ್ತಿದ್ದೆ."

ಅಜ್ಜಿ ಅದನ್ನು ನಂಬಿದಳು.

"ನಿನ್ನೆ ಯಾಕೆ ಜಗಳ?"

"ಕಬ್ಬಿಣದ ಯಂತ್ರ ತರಿಸ್ತೀನಿ ಅಂದ್ರು. ಇನ್ನು ರಕ್ಕಸ ಬೇಡ, ಕಲ್ಲೂ ಬೇಡ, ಕಲ್ಲುಗಳನ್ನ ಒಡೆದು ಬಚ್ಚಲಿಗೆ ಹಾಸ್ತೀನಿ ಅಂದ್ರು. ಪುಟ್ಟನ ಹೊಟ್ಟೆಪಾಡು ನೋಡಿ ಅಂದೆ. ಕುತ್ತಿಗೆ ಹಿಡಿದ್ರು. ಬೆಳಿಗ್ಗೆ ಬೇಗ ಹೋಗಿ ಎಲ್ಲರಿಗೂ ಹೇಳಿಬಿಡ್ತೀನಿ ಅಂತ ಹೊರಟ್ರು."

ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್ ಬೆರಳು ಮಡಿಚಿದ. "ಚಾವಟಿ ಏಟು ಒಂದು. ಕೆಲಸ ಹೋಗೋದು ಎರಡು. ಸಾಕಲ್ವಾ ಅಜ್ಜಿ?"

ಹೊರಗೆ ಜನ ಬಾಗಿಲು ಗುದ್ದುತ್ತಿದ್ದರು. ಕೊಡಲಿ ತರಲು ಹೋದವನು ಮಸೆದುಕೊಂಡೇ ಬಂದಿದ್ದ. ಗಂಟೆ ಹನ್ನೊಂದೂವರೆ.

*

ಅಜ್ಜಿ ಒಬ್ಬಳೇ ಹೆಣದ ಬಳಿ ಬಂದು ಕುಕ್ಕರುಗಾಲಲ್ಲಿ ಕುಳಿತಳು. ಅಕ್ಕಪಕ್ಕದ ರಕ್ತದ ಮೇಲೆಲ್ಲ ತೌಡು ಎರಚಿದಳು, ಪುಟ್ಟ ಕಣ್ಣು ಬಿಟ್ಟರೆ ಮತ್ತೆ ಎಚ್ಚರ ತಪ್ಪದಿರಲಿ ಎಂದು. ಪುಟ್ಟನ ಕೈಯನ್ನೂ ಒರೆಸಿದಳು. ತೌಡು ಎರಚುತ್ತ ಹೋದವಳ ಕೈ ಥಟ್ಟನೆ ನಿಂತಿತು.

ಹೆಣದಿಂದ ಎರಡು ಗೇಣು ಆಚೆ, ಬರೀ ನೆಲದ ಮೇಲೆ, ಹಿಟ್ಟು ಮುಚ್ಚಿದ ಇನ್ನೊಂದು ಗೋಣಿಚೀಲವಿತ್ತು. ಅದೂ ನಾಲ್ಕು ಮಡಿಕೆ.

ಅವಳು ಎದ್ದು ಗೋಡೆಗೆ ಒರಗಿದ ಕಲ್ಲನ್ನು ನೋಡಿದಳು. ಕಚ್ಚುಗಳ ಮೇಲೆ ಬೆರಳಾಡಿಸಿದಳು. ಎದುರು ಗೋಡೆಯ ಗಾರೆಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ಆ ನಗು ಕೇಳಿ ವಕೀಲನೇ ಎರಡು ಹೆಜ್ಜೆ ಹಿಂದೆ ಸರಿಯಿತು.

"ಎಲ್ಲರನ್ನೂ ಕರೀರಿ ಇನ್‌ಸ್ಪೆಕ್ಟ್ರೇ. ಬಂಡೆ ಒಡೆಯೋ ದೊಡ್ಡ ಸುತ್ತಿಗೆ ಒಂದು ತರಿಸಿ."

ಎಲ್ಲರೂ ಬಂದರು. ಅಜ್ಜಿ ಯಜಮಾನನ ಹೆಂಡತಿಯ ಕಡೆ ತಿರುಗಿದಳು.

"ಕಲ್ಲು ಇನ್ನು ನಿನ್ನದು ಮಗಳೇ. ಗಂಡನ ತಲೆ ಜಜ್ಜಿದ ಕಲ್ಲು. ಇಟ್ಕೊಂಡು ಏನ್ಮಾಡ್ತೀಯಾ? ಒಡೆಸಿಬಿಡು."

ಅವಳು ತಲೆಯಾಡಿಸಿದಳು. ಪೇದೆ ಸುತ್ತಿಗೆ ಎತ್ತಿದ.

"ಬೇಡ!"

ಕಲ್ಲುಕುಟಿಗ ಕಲ್ಲಿಗೂ ಸುತ್ತಿಗೆಗೂ ನಡುವೆ ಬಂದು ನಿಂತಿದ್ದ. ಎರಡೂ ಕೈ ಹಿಂದಕ್ಕೆ ಚಾಚಿ ಕಲ್ಲನ್ನು ತಬ್ಬಿಕೊಂಡಿದ್ದ.

"ಹೆಣದ ಮೇಲಿಂದ ಕಲ್ಲೆತ್ತುವಾಗಲೂ ಅಂಚು ಅಂಚು ಅಂತ ಒದ್ದಾಡ್ದೆ," ಎಂದಳು ಅಜ್ಜಿ. "ಇನ್‌ಸ್ಪೆಕ್ಟ್ರೇ, ಮುಖ ಮುಚ್ಚೋನು ಚೀಲ ಬಿಡಿಸಿ ಮುಚ್ತಾನೆ. ಮಡಚಿ ದಪ್ಪ ಮಾಡಲ್ಲ. ಸರಿ, ತಲೆ ಮೇಲಿನದು ಮುಖ ಮುಚ್ಚೋಕೆ ಅಂತಲೇ ಇಟ್ಕೊಳ್ಳಿ. ಆಚೆ ನೆಲದ ಮೇಲೆ ಇನ್ನೊಂದಿದೆ. ಅದು ಯಾರ ಮುಖ ಮುಚ್ಚಿತ್ತು? ಕಲ್ಲಿನ ಅಂಚು ಬಂದು ಬಡಿಯೋ ಜಾಗ ಅದು. ಕೊಲೆಗಾರ ಕಲ್ಲಿಗೆ ಹಾಸಿಗೆ ಹಾಸಿದ್ದಾನೆ!"

"ಆದ್ರೆ ಕಲ್ಲು ಎತ್ತಿದ್ದು ಹೇಗೆ?" ಇನ್‌ಸ್ಪೆಕ್ಟರ್ ಕೇಳಿದ.

"ಎತ್ತಲೇ ಇಲ್ಲ, ಉರುಳಿಸಿದ್ದು. ಕಚ್ಚು ನೋಡಿ. ಅರ್ಧ ಹೊಸದು, ಬೆಳ್ಳಗೆ, ಚೂಪು. ಅರ್ಧ ಸವೆದದ್ದು, ಹಳೇ ಹಿಟ್ಟು ಕೂತಿದೆ. ನಿನ್ನೆ ಕೆಲಸ ಮುಗೀತು ಅಂದ ಇವನು. ಅರ್ಧ ಉಳಿ ಹೊಡೆದ ಕಲ್ಲನ್ನ ಯಾರಾದ್ರೂ ಗಿರಣಿಗೆ ಕೂರಿಸ್ತಾರಾ? ಅದು ಬೆಳಿಗ್ಗೆ ಆ ಎದುರು ಗೋಡೆಗೆ ಒರಗಿತ್ತು, ಇವನು ಮುಂದೆ ಕೂತು ಕೆಲಸ ಮಾಡ್ತಿದ್ದ. ಹಿಂದಿನಿಂದ ಹಾರೆ ಹಾಕಿ ಹೆಣದ ತಲೆ ಮೇಲೆ ಬೀಳೋ ಹಾಗೆ ಮೀಟಿದ ಗುರುತು ಗಾರೆಯಲ್ಲಿ ಹಸಿಯಾಗಿದೆ. ಪುಟ್ಟನಿಗೆ ಹಾರೆ ಯಾಕೆ? ಅವನು ಈ ಕಲ್ಲನ್ನ ಕಂಕುಳಲ್ಲಿ ಇಟ್ಕೊಂಡು ಓಡಾಡ್ತಾನೆ. ಪಾಪ, ಆಮೇಲೆ ಕೆಲಸಕ್ಕೆ ಬಂದಿದ್ದಾನೆ, ಮಬ್ಬಿನಲ್ಲಿ ಯಜಮಾನನ್ನ ಎಬ್ಬಿಸೋಕೆ ಕೈ ಹಾಕಿದ್ದಾನೆ, ಕೈಯಲ್ಲಿ ರಕ್ತ ಕಂಡು ಬಿದ್ದಿದ್ದಾನೆ."

ಕಲ್ಲುಕುಟಿಗ ಬಿಕ್ಕಿದ. "ಬಚ್ಚಲಿಗೆ ಹಾಸ್ತೀನಿ ಅಂದ. ನಗ್ತಾ ಅಂದ. ನಮ್ಮಪ್ಪ ಈ ಕಲ್ಲಿನ ಮುಂದೆ ಕೂತೇ ಕಣ್ಣು ಕಳ್ಕೊಂಡ. ಸುತ್ತಿಗೆ ಕೈಯಲ್ಲೇ ಇತ್ತು. ಬೀಸಿದೆ. ಒಂದೇ ಏಟು."

"ಆಮೇಲೆ ನಿನಗೆ ನನ್ನ ಕಷಾಯ ನೆನಪಾಯ್ತು. ಹೆಣದ ನಾಲಿಗೆ ಉಳೀಬಾರದು. ಅದಕ್ಕೆ ನನ್ನ ಮಗನ ತಲೆ ಕೊಡೋಕೂ ಸಿದ್ಧನಾದೆ."

ಉತ್ತರವಾಗಿ ಅವನ ಸೊಂಟದ ಉಳಿ ಬಂತು. ನೇರ ಅಜ್ಜಿಯ ಕುತ್ತಿಗೆಗೆ. ಸರಪಳಿ ಹರಿದ ಸದ್ದು ಕೇಳಿದ್ದೊಂದೇ ಎಲ್ಲರಿಗೂ ನೆನಪು. ಮೊರದಗಲದ ಅಂಗೈಯೊಂದು ಅಡ್ಡ ಬಂತು. ಉಳಿ ಅಂಗೈ ತೂರಿ ಹಿಂಬದಿಗೆ ಇಣುಕಿತು.

ಪುಟ್ಟ ತನ್ನ ಕೈ ನೋಡಿಕೊಂಡ. ರಕ್ತ.

"ಅಯ್ಯೋ," ಎಂದು ಮುಂದಕ್ಕೆ ಬಿದ್ದ. ಕಲ್ಲುಕುಟಿಗ ಅವನ ಕೆಳಗಿದ್ದ. ಪಕ್ಕೆಲುಬುಗಳು ಒಣ ಕಡ್ಡಿಗಳಂತೆ ಲಟಲಟ ಮುರಿದದ್ದು ಬಾಗಿಲಾಚೆಯ ಜನಕ್ಕೂ ಕೇಳಿಸಿತು.

"ಅಪರಾಧಿ ವಶದಲ್ಲಿದ್ದಾನೆ," ಎಂದಿತು ವಕೀಲ.

ಪುಟ್ಟನನ್ನು ಹೊರಳಿಸಲು ಎಂಟು ಜನ ಬೇಕಾಯಿತು. ಬಾಯಲ್ಲಿ ರಕ್ತ ಕಾರುತ್ತಿದ್ದ ಕಲ್ಲುಕುಟಿಗ ಚಾಪೆಯ ಮೇಲೆ ಹೊರಿಸಿಕೊಂಡು ಹೋಗುವಾಗ ಒಂದೇ ಮಾತು ಕೇಳಿದ, "ಅಂಚು ಹೋಯ್ತಾ?" ಮಧ್ಯಾಹ್ನದ ಗಂಟೆ ಹೊಡೆಯಿತು. ಕೊಡಲಿ ತಂದಿದ್ದವನು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

*

ಅಂಗೈಗೆ ಬಟ್ಟೆ ಸುತ್ತಿ, ರಕ್ತ ಕಾಣದಂತೆ ಅದರ ಮೇಲೆ ತನ್ನ ಕಪ್ಪು ಶಾಲನ್ನೂ ಸುತ್ತಿದ ಮೇಲೆ ಅಜ್ಜಿ ಅವನ ಮುಖಕ್ಕೆ ನೀರು ಚಿಮುಕಿಸಿದಳು. ಪುಟ್ಟ ಕಣ್ಣು ಬಿಟ್ಟ.

"ಅಜ್ಜೀ, ನಾನೇನಾದ್ರೂ ಮಾಡಿದ್ನಾ?"

"ಇಲ್ಲ ಕಣೋ. ನೀನೇನೂ ಮಾಡಿಲ್ಲ."

"ನಾನು ಮಾಡಿಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

ವಕೀಲ ಹೌದೆನ್ನಲು ಕೊಕ್ಕು ತೆರೆಯಿತು. ಅಜ್ಜಿ ಅದರ ಕೊಕ್ಕು ಹಿಡಿದು ಮುಚ್ಚಿದಳು.

"ಇಲ್ಲ. ಆ ಎರಡನೇ ಚೀಲ ಸಿಗೋವರೆಗೂ ಗೊತ್ತಿರಲಿಲ್ಲ. ಒಂದೂವರೆ ಗಂಟೆ ನಿನ್ನ ಮೇಲೆ ನನಗೂ ಅನುಮಾನ ಇತ್ತು."

ಪುಟ್ಟ ಶಾಲು ಸುತ್ತಿದ ಕೈಯನ್ನು ನೋಡಿಕೊಂಡ. ಎರಡು ಹಲ್ಲು ಉದುರಿದ ಬಾಯಲ್ಲಿ ನಾಲಿಗೆ ಆಡಿಸಿಕೊಂಡ.

"ಆದ್ರೂ ಹುಡುಕ್ತಾನೇ ಇದ್ಯಲ್ಲ," ಎಂದ.

ಅಜ್ಜಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣಿಗೆ ತೌಡು ಬಿತ್ತು ಎಂದು ಕಾಗೆಯನ್ನು ಬೈದಳು.